ಬ್ಯಾರನ್ನಿನ ಗಾಜಿನ ಕಿಂಡಿ

ಹಾಸನದಲ್ಲಿ ಮನೆ ಮಾಡಿಕೊಂಡಿರುವವರಿಗೆ ರಜೆ ಎಂದರೆ ಬಂದ ನೆಂಟರಿಗೆ ಬೇಲೂರು, ಹಳೇಬೀಡು ತೋರಿಸುವ ಕೆಲಸ. ಶ್ರವಣಬೆಳಗೊಳದ ಬೆಟ್ಟವನ್ನು ನಾನು ಎಷ್ಟು ಸಲ ಹತ್ತಿದ್ದೇನೆಂದರೆ, ಯಾವ ಮೆಟ್ಟಿಲ ಹತ್ತಿರ ನೆಂಟರು ಉಸ್ಸೆಂದು ಕೂರುತ್ತಾರೆ ಎಂಬುದೂ ಗೊತ್ತು. ಅದಕ್ಕೇ ಆ ದಸರಾ ರಜೆಯಲ್ಲಿ ನಾನು, ಹೆಂಡತಿ, ಏಳು ವರ್ಷದ ಮಗಳು, ಮೂವರೇ ಯಾರೂ ಹೋಗದ ಕಡೆ ಎರಡು ದಿನ ಇದ್ದು ಬರೋಣ ಎಂದು ಹೊರಟೆವು.

ಜಾಗ ಹೇಳಿದ್ದು ಚನ್ನರಾಯಪಟ್ಟಣದಿಂದ ದಿನಾ ಆಫೀಸಿಗೆ ಓಡಾಡುವ ನನ್ನ ಸಹೋದ್ಯೋಗಿ. ಅರಕಲಗೂಡು ದಾಟಿ ಮಲ್ಲಿಪಟ್ಟಣದ ಕಡೆ ಹೋದರೆ ಒಬ್ಬ ರೈತನಿದ್ದಾನೆ. ತನ್ನ ಎರಡು ಹೊಗೆಸೊಪ್ಪಿನ ಬ್ಯಾರನ್‌ಗಳಲ್ಲಿ ಹಳೆಯದನ್ನು ತೊಳೆದು, ಸುಣ್ಣ ಬಳಿದು, ಮಂಚ ಹಾಕಿ ಬಂದವರಿಗೆ ಬಿಟ್ಟುಕೊಡುತ್ತಾನೆ ಎಂದರು. ಬ್ಯಾರನ್ ಎಂದರೆ ಹಸಿ ಹೊಗೆಸೊಪ್ಪನ್ನು ಬಿಸಿಯಲ್ಲಿ ಒಣಗಿಸಿ ಹದ ಮಾಡುವ, ಎರಡಾಳೆತ್ತರದ, ಕಿಟಕಿಯಿಲ್ಲದ ಕಟ್ಟಡ.

"ನೋಡೋಕೆ ಏನೂ ಇಲ್ಲ ಅಲ್ಲಿ," ಅಂದಿದ್ದರು ಅವರು. ನನಗೆ ಬೇಕಾಗಿದ್ದುದೇ ಅದು.

ನನ್ನ ಹೆಂಡತಿ ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ಬೆಳೆದವಳು. ಗುರುತಿಲ್ಲದವರ ಮನೆಯಲ್ಲಿ ನೀರು ಕೊಟ್ಟರೆ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡುವವಳು. ದಾರಿಯುದ್ದಕ್ಕೂ, "ಒಂದು ಬೋರ್ಡಿಲ್ಲ, ಫೋಟೋ ಇಲ್ಲ. ಯಾರನ್ನ ನಂಬ್ಕೊಂಡು ಹೋಗ್ತಿದೀವಿ ರೀ?" ಎನ್ನುತ್ತಲೇ ಇದ್ದಳು. ನಾನು ನಗುತ್ತಿದ್ದೆ. ಆದರೆ ನನಗೂ ಅಂಥದ್ದೇ ಸ್ವಭಾವ, ತೋರಿಸಿಕೊಳ್ಳುವುದಿಲ್ಲ ಅಷ್ಟೆ.

ಮೂರು ದಿನದಿಂದ ಜಡಿಮಳೆ ಹಿಡಿದಿತ್ತು. ಆ ರೈತ ಗೋಣಿಚೀಲವನ್ನು ಗೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ದಾರಿಯಲ್ಲೇ ಕಾಯುತ್ತಿದ್ದ. ಐವತ್ತರ ಆಸುಪಾಸು. ಮೊದಲ ಮಾತೇ, "ಕಾರಿನ ಮೂತೀನ ರಸ್ತೆ ಕಡೀಕೆ ತಿರುಗ್ಸಿ ನಿಲ್ಸಿ ಸಾ."

"ಯಾಕೆ?"

"ಇರ್ಲಿ ಸಾ, ಅಂಗೇ ಒಳ್ಳೇದು." ಆಮೇಲೆ ಕಾರಿನೊಳಗೆ ಬಗ್ಗಿ ನೋಡಿ, "ಮೂರೇ ಜನ್ವಾ? ಇನ್ಯಾರೂ ಬರಾಕಿಲ್ವಾ?" ಎಂದ.

ನಾನು ಬಾಯಿ ತೆರೆಯುವ ಮುಂಚೆ ನನ್ನ ಹೆಂಡತಿ, "ಬರ್ತಾರೆ. ನಮ್ಮಣ್ಣ ಸಾಯಂಕಾಲ ಬರ್ತಾರೆ. ಪೊಲೀಸ್‌ನಲ್ಲಿದಾರೆ," ಎಂದುಬಿಟ್ಟಳು. ಅವಳ ಅಣ್ಣ ಹೊಳೆನರಸೀಪುರದಲ್ಲಿ ಗಣಿತದ ಮೇಷ್ಟ್ರು. ಬರುವವರೂ ಅಲ್ಲ.

ಒಳಗೆ ಸುಣ್ಣದ ವಾಸನೆಯ ಅಡಿಯಲ್ಲಿ ಹೊಗೆಸೊಪ್ಪಿನ ಘಾಟು ಇನ್ನೂ ಇತ್ತು. ಮೇಲೆ ಸೊಪ್ಪು ನೇತು ಹಾಕುವ ಗಳುಗಳು ಹಾಗೇ ಇದ್ದವು. ಒಂದು ಗೋಡೆಯಲ್ಲಿ ಅಂಗೈಯಗಲದ ಕಿಂಡಿ, ಅದಕ್ಕೆ ಗಾಜು. ಕಿಂಡಿಯ ಎದುರಿಗೆ ಮೊಳೆಯಲ್ಲಿ ಒಂದು ಥರ್ಮಾಮೀಟರ್ ನೇತಾಡುತ್ತಿತ್ತು.

"ಈ ಮನೆಗೆ ಜ್ವರ ಬಂದಿದ್ಯಾ?" ಎಂದು ಮಗಳು ಕೇಳಿದಳು.

"ಮೊದ್ಲು ಬತ್ತಿತ್ತು ಕಣವ್ವಾ. ಈಗ ವಾಸಿ ಆಗೈತೆ," ಎಂದು ಆತ ನಕ್ಕ. ನಂತರ ನನ್ನ ಕಡೆ ತಿರುಗಿ, "ಮ್ಯಾಗಿನ ಗವಾಕ್ಷಿ ಮುಚ್ಬ್ಯಾಡಿ ಸಾ. ಚಿಲ್ಕಾನೂ ಆಕ್ಬ್ಯಾಡಿ. ಮಳೇಗೆ ಬಾಗ್ಲು ಉಬ್ಕಂಡದೆ, ಆಮ್ಯಾಕೆ ತೆಗ್ಯಾಕಾಗಲ್ಲ," ಎಂದ.

ಆತ ಹೋದ ಮೇಲೆ ನನ್ನ ಹೆಂಡತಿ, "ಚಿಲಕ ಹಾಕ್ಬೇಡಿ ಅನ್ನೋ ಲಾಡ್ಜನ್ನ ಎಲ್ಲಾದ್ರೂ ನೋಡಿದೀರಾ ನೀವು?" ಎಂದು ಪಿಸುಗುಟ್ಟಿದಳು. ಅವರ ಮನೆಯಿಂದ ಬಂದ ಹುರುಳಿ ಬಸ್ಸಾರನ್ನು ನಾನೊಬ್ಬನೇ ಉಂಡೆ. ಅವಳು, ಮಗಳು ಡಬ್ಬಿಯಲ್ಲಿ ತಂದಿದ್ದ ಪುಳಿಯೋಗರೆ ತಿಂದರು.

ಮಗಳು ಮಳೆಯಲ್ಲಿ ಆಡಿ ಮೈಯೆಲ್ಲ ನೆನೆಸಿಕೊಂಡು ಬಂದಳು. ಬಟ್ಟೆ ಆರಿಸಲೆಂದು ಆತನ ಹೆಂಡತಿ, ಸೊಪ್ಪು ಬೇಯುತ್ತಿದ್ದ ಇನ್ನೊಂದು ಬ್ಯಾರನ್ನಿನ ಒಲೆಯಿಂದ ಕಬ್ಬಿಣದ ಅಗ್ಗಿಷ್ಟಿಕೆಯ ತುಂಬ ಕೆಂಡ ತಂದು ನಮ್ಮ ಜಗಲಿಯ ಮೇಲಿಟ್ಟರು. ಹಿಂದೆಯೇ ಬಂದ ಆತ, "ಇಲ್ಲೇ ಇರ್ಲಿ ಸಾ. ಒಳಿಕ್ಕೆ ಮಾತ್ರ ತಗಂಡೋಗ್ಬ್ಯಾಡಿ," ಎಂದ. ಇವನಿಗೆ ನಾವು ಹೊರಗೇ ಕೂತಿರಬೇಕು, ಬಾಗಿಲು ತೆರೆದೇ ಇರಬೇಕು. ಯಾಕೆ? ನನ್ನ ತಲೆಯಲ್ಲಿ ಓಡಿದ್ದು ಇದೊಂದೇ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಹೆಂಡತಿ ಕೂಗಿದಳು. ಮಗಳ ಬಟ್ಟೆ ಬದಲಿಸುತ್ತಿದ್ದಳಂತೆ. "ರೀ, ಆ ಕಿಂಡೀಲಿ ಕಣ್ಣಿತ್ತು. ದೇವರಾಣೆ ಇತ್ತು."

ಜಗಲಿ ಇಳಿದು ಸುತ್ತ ನೋಡಿದೆ. ಆತ ಸೌದೆಯ ಹೊರೆ ಹೊತ್ತುಕೊಂಡು ಇನ್ನೊಂದು ಬ್ಯಾರನ್ನಿನ ಕಡೆ ಹೋಗುತ್ತಿದ್ದ. ಕೂಗಿ ಕೇಳಬಹುದಿತ್ತು. ಕೇಳಲಿಲ್ಲ. ಒಳಗೆ ಬಂದು ಒಂದು ಟವೆಲ್ಲನ್ನು ಮುದ್ದೆ ಮಾಡಿ ಕಿಂಡಿಗೆ ತುರುಕಿದೆ. ಗವಾಕ್ಷಿಯ ಹಗ್ಗ ಎಳೆದು ಮುಚ್ಚಿದೆ. ಎರಡಾಳೆತ್ತರದಿಂದ ಯಾರು ಇಣುಕುತ್ತಾರೆ ಎಂದು ಆಗ ಹೊಳೆಯಲಿಲ್ಲ. ಗೋಡೆಯ ಬುಡದ ಗಾಳಿಯ ತೂತುಗಳಿಗೆ ಪೇಪರ್ ಸಿಕ್ಕಿಸಿದೆ. ಕಡೆಗೆ, ಮಗಳಿಗೆ ಬೆಚ್ಚಗಿರಲೆಂದು, ಜಗಲಿಯ ಅಗ್ಗಿಷ್ಟಿಕೆಯನ್ನು ಎತ್ತಿ ತಂದು ಮಂಚದ ಪಕ್ಕದಲ್ಲಿಟ್ಟೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಏನು ಮಾಡುತ್ತದೆ ಎಂದು ಬಿ.ಎಸ್ಸಿ. ಪರೀಕ್ಷೆಯಲ್ಲಿ ಅರ್ಧ ಪುಟ ಬರೆದವನು ನಾನು. ಆ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಅಡಿಗೆರೆ ಎಳೆದಿದ್ದೆ. ಅದೂ ಹೊಳೆಯಲಿಲ್ಲ.

"ನೀವಿಬ್ಬರೂ ಮಲಗಿರಿ. ಚಿಲಕ ಹಾಕ್ಕೋ," ಎಂದು ಹೇಳಿ ಹೊರಟೆ. ಎಲ್ಲಿಗೆ? ಫೋನಿಗೆ ಸಿಗ್ನಲ್ ಸಿಗುವ ದಿಬ್ಬಕ್ಕೆ, ಈ ಮನುಷ್ಯ ಎಂಥವನು ಎಂದು ವಿಚಾರಿಸುವುದಕ್ಕೆ. ಕೊಡೆ ಹಿಡಿದು ಅರ್ಧ ಗಂಟೆ ಪರದಾಡಿದ ಮೇಲೆ ಸಹೋದ್ಯೋಗಿ ಸಿಕ್ಕರು. "ಅಯ್ಯೋ, ಒಳ್ಳೆ ಮನುಷ್ಯ ಕಣ್ರೀ. ಯಾಕೆ?" ಎಂದರು. ಒಳ್ಳೆಯವನು ಎಂದು ಅಷ್ಟು ಬೇಗ ಹೇಳಿದ್ದೂ ನನಗೆ ಸರಿಬೀಳಲಿಲ್ಲ.

ದಿಬ್ಬ ಇಳಿಯುವಾಗ ಕಂಡಿತು. ಆತ ನಮ್ಮ ಬ್ಯಾರನ್ನಿನ ಗೋಡೆಗೆ ಮುಖ ಒತ್ತಿ ನಿಂತಿದ್ದ. ಕಣ್ಣು ಕಿಂಡಿಯ ಮೇಲೆ. ನಾನು ನೋಡುತ್ತಿದ್ದಂತೆ ಸೌದೆಯ ತುಂಡೊಂದನ್ನು ಎತ್ತಿ ಕಿಂಡಿಯ ಗಾಜಿಗೆ ಹೊಡೆದ.

ಕೊಡೆ ಬಿಸಾಕಿ ಓಡಿದೆ. ಹಿಂದಿನಿಂದ ಕಾಲರ್ ಹಿಡಿದು ಜಗ್ಗಿದೆ. ಅಂಗಿ ಪರ್ರನೆ ಹರಿಯಿತು.

"ಏನ್ಮಾಡ್ತಿದೀಯ?"

"ಬುಡಿ ಸಾ! ಒಳಗಿಂದ ಬಟ್ಟೆ ತುರ್ಕವ್ರೆ. ಎಷ್ಟು ಕೂಗುದ್ರೂ ಓ ಅನ್ನಾಕಿಲ್ಲ."

"ಹೆಂಗಸರು ಮಲಗಿರೋ ಕಡೆ ಇಣುಕ್ತೀಯಾ? ನಾಚಿಕೆ ಆಗಲ್ವಾ?"

"ಕೆಂಡ ಎಲ್ಲಿ ಸಾ? ಜಗಲಿ ಮ್ಯಾಗೆ ಕೆಂಡ ಇಲ್ಲ, ಎಲ್ಲಿ ಕೆಂಡ?"

ಆಗಲೂ ಬಿಡಲಿಲ್ಲ. ಇನ್ನೊಂದು ಸಲ ಜಗ್ಗಿದೆ. ಆಮೇಲೆ ಜಗಲಿಯ ಕಡೆ ನೋಡಿದೆ. ಅಗ್ಗಿಷ್ಟಿಕೆ ಇದ್ದ ಜಾಗದಲ್ಲಿ ದುಂಡನೆಯ ಬೂದಿಯ ಗುರುತು ಮಾತ್ರ ಇತ್ತು. ನನ್ನ ಕೈ ತಾನಾಗಿ ಸಡಿಲವಾಯಿತು.

ಬಾಗಿಲು ನಿಜಕ್ಕೂ ಉಬ್ಬಿತ್ತು. ಆತನ ಹೆಂಡತಿ ಹಾರೆ ತಂದರು. ಆತ ಹಾರೆಯಿಂದ ಮೀಟಿದ, ನಾನು ಭುಜ ಕೊಟ್ಟು ನೂಕಿದೆ, ಚಿಲಕ ಕಿತ್ತು ಬಂತು. ಹೆಂಡತಿ ಬಾಗಿಲಿನಿಂದ ಎರಡು ಮಾರು ದೂರದಲ್ಲಿ ಬಿದ್ದಿದ್ದಳು, ಎದ್ದು ಬರಲು ನೋಡಿದ್ದಳು. ಮಗಳು ಮಂಚದ ಮೇಲೆ, ಆಟ ಆಡಿ ಬಂದವಳ ಹಾಗೆ ಕೆನ್ನೆ ಕೆಂಪಗೆ ಮಾಡಿಕೊಂಡು ಮಲಗಿದ್ದಳು. ಕೋಣೆಯಲ್ಲಿ ಹೊಗೆಯಿರಲಿಲ್ಲ. ಸುಣ್ಣದ ವಾಸನೆ, ಅಷ್ಟೆ.

ಇಬ್ಬರನ್ನೂ ಹೊತ್ತು ಮಳೆಗೆ ತಂದೆವು. ಹೆಂಡತಿ ಕೆಮ್ಮಿದಳು. ಮಗಳು ಕೆಮ್ಮಲಿಲ್ಲ. ಕಾರು ರಸ್ತೆಗೆ ಮೂತಿ ಮಾಡಿ ನಿಂತಿತ್ತು. ಆ ಕೆಸರಿನಲ್ಲಿ ಹಿಂದಕ್ಕೆ ತೆಗೆಯಬೇಕಾಗಿದ್ದರೆ ಅಲ್ಲೇ ಹೂತುಹೋಗುತ್ತಿತ್ತು. ಆತ ಹಿಂದಿನ ಸೀಟಿನಲ್ಲಿ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಕಿಟಕಿ ಪೂರ್ತಿ ಇಳಿಸಿ, ಅವಳ ಮುಖವನ್ನು ಗಾಳಿಗೆ ಹಿಡಿದಿದ್ದ. "ಏಳವ್ವಾ. ಮನೆಗೆ ಜ್ವರ ಬಂದೈತೆ, ನೋಡೇಳು. ಏಳವ್ವಾ." ಅರಕಲಗೂಡು ಮುಟ್ಟುವವರೆಗೂ ಅದೊಂದನ್ನೇ ಹೇಳುತ್ತಿದ್ದ. ಊರು ಇನ್ನೂ ಸ್ವಲ್ಪ ದೂರ ಇರುವಾಗ ಅವಳು ವಾಂತಿ ಮಾಡಿಕೊಂಡಳು, ಆತನ ಮೈಮೇಲೆ. "ಬಂತು ಸಾ, ಜೀವ ಬಂತು!" ಎಂದು ಆತ ಕೂಗಿದ್ದು ಈಗಲೂ ಕೇಳಿಸುತ್ತದೆ.

ಅರಕಲಗೂಡಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿ, ಆಂಬುಲೆನ್ಸಿನಲ್ಲಿ ಹಾಸನದ ಆಸ್ಪತ್ರೆಗೆ ಕಳಿಸಿದರು. ಆತನೂ ಬಂದ. ಸಾಯಂಕಾಲ, ಇಬ್ಬರಿಗೂ ಅಪಾಯವಿಲ್ಲ ಎಂದು ಡಾಕ್ಟರು ಹೇಳುವ ಹೊತ್ತಿಗೆ, ಹೊಳೆನರಸೀಪುರದಿಂದ ಹೆಂಡತಿಯ ಅಣ್ಣ ಬಂದರು. ತಂಗಿಯ ಹತ್ತಿರ ಎರಡು ನಿಮಿಷ ಮಾತಾಡಿ ಹೊರಗೆ ಬಂದವರ ಮುಖ ಬಿಗಿದಿತ್ತು.

"ನೀನೇನಾ ಕಿಂಡೀಲಿ ಇಣುಕಿದವನು?"

ಆತ ಬೆಂಚಿನಿಂದ ಎದ್ದು ನೆಟ್ಟಗೆ ನಿಂತ. ಹರಿದ ಕಾಲರನ್ನು ಒಂದು ಕೈಯಲ್ಲಿ ಕೂಡಿಸಿಕೊಂಡ. ಇವರು ಪೊಲೀಸಿನವರೆಂದು ಆತ ನಂಬಿದ್ದಾನೆ ಎಂದು ನನಗೆ ಆಗ ಗೊತ್ತಾಯಿತು.

"ಇಪ್ಪತ್ತೊರ್ಸ ಆ ಕಿಂಡೀಲಿ ತರ್ಮಾಮೀಟ್ರು ನೋಡಿವ್ನಿ ಸಾ, ಸೊಪ್ಪು ಬೇಯೋವಾಗ. ಆ ಗ್ವಾಡೆ ಪಕ್ಕ ಓದ್ರೆ ಕಣ್ಣು ತಾನೇ ಅಲ್ಲಿಗೆ ಓಯ್ತದೆ. ಮೊದ್ಲು ನೋಡಿದ್ದು ತೆಪ್ಪೇ. ಎರಡ್ನೇ ಸಲ ಬೇಕೂಂತ್ಲೇ ನೋಡ್ದೆ."

ಅಣ್ಣ ನನ್ನ ಕಡೆ ತಿರುಗಿದರು. "ಏನಂತೀರಾ? ಒಂದು ಕಂಪ್ಲೇಂಟ್ ಕೊಟ್ಟುಬಿಡೋಣ್ವಾ?"

ಹೂಂ ಅಂದರೆ ಸಾಕಿತ್ತು. ಎಲ್ಲ ತಪ್ಪೂ ಆ ಕಿಂಡಿಯ ಮೇಲೆ ಹೋಗಿಬಿಡುತ್ತಿತ್ತು. ಒಂದು ಗಳಿಗೆ ಹಾಗೆ ಅನ್ನಲು ಮನಸ್ಸಾಗಿತ್ತು ಎಂಬುದನ್ನೂ ಬರೆಯಬೇಕು.

"ಕೆಂಡ ಒಳಗಿಟ್ಟಿದ್ದು ನಾನು. ಬೇಡ ಅಂತ ಇವರು ಹೇಳಿದ್ರು. ಕಿಂಡಿ ಮುಚ್ಚಿದ್ದೂ ನಾನೇ. ಇವರು ಒಡೆಯೋಕೆ ಬಂದಾಗ ಹಿಡ್ಕೊಂಡಿದ್ದೂ ನಾನೇ," ಎಂದೆ. ಆಮೇಲೆ ಆತನಿಗೆ, "ಇವರು ಪೊಲೀಸಲ್ಲ. ಮೇಷ್ಟ್ರು," ಎಂದೆ.

"ಮೇಷ್ಟ್ರಾ!" ಆತ ಕಾಲರನ್ನು ಬಿಟ್ಟು ಬೆಂಚಿನ ಮೇಲೆ ಕುಸಿದು ಕೂತ. "ಅಂಗಾರೆ ಒಂದು ಬಸ್ ಅತ್ಸಿ ಸಾ. ಅಲ್ಲಿ ಬ್ಯಾರನ್‌ಗೆ ಬೆಂಕಿ ಆಕಿ ಬಂದಿವ್ನಿ. ನಮ್ಮನೇವ್ಳು ಒಬ್ಳೇ ಅವ್ಳೆ."

ಮಗಳು ಈಗ ಚೆನ್ನಾಗಿದ್ದಾಳೆ. ಆ ಮನೆಗೆ ಮತ್ತೆ ಜ್ವರ ಬಂದಿತ್ತು ಎಂದು ಶಾಲೆಯಲ್ಲಿ ಹೇಳಿಕೊಂಡು ಬಂದಿದ್ದಾಳೆ. ನಾನು ಮಾತ್ರ ಮನೆಯಲ್ಲಿ ಯಾರೂ ಇಲ್ಲದಾಗ, ಗಡಿಯಾರ ನೋಡಿಕೊಂಡು, ಅವತ್ತು ಗೋಡೆಯ ಪಕ್ಕ ಆತನನ್ನು ಹಿಡಿದುಕೊಂಡು ನಿಂತಾಗ ನಾವಿಬ್ಬರೂ ಆಡಿದ ಮಾತುಗಳನ್ನು ಒಂದೊಂದಾಗಿ ಹೇಳಿ ನೋಡುತ್ತೇನೆ. 'ಏನ್ಮಾಡ್ತಿದೀಯ'ದಿಂದ ಹಿಡಿದು 'ಎಲ್ಲಿ ಕೆಂಡ'ದವರೆಗೆ. ಹನ್ನೆರಡು ಸೆಕೆಂಡು ಆಗುತ್ತದೆ. ಪ್ರತಿ ಸಲವೂ, ಕಡಿಮೆ ಬರಲೆಂದು ಬೇಗಬೇಗ ಹೇಳುತ್ತಿದ್ದೇನೇನೋ ಎಂದು ಅನುಮಾನವಾಗಿ, ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ.