ಹುನಗುಂದದ ಗುಡ್ಡ ಮತ್ತು ಮೆಹರುನ್ನಿಸಾ ಎಳೆದ ಗೆರೆ

ಬಾಗಲಕೋಟೆಯಲ್ಲಿ ಬಸ್ಸು ಹತ್ತಿ, ಆಧಾರ್ ತೋರಿಸಿ ಹೆಂಗಸರ ಉಚಿತ ಟಿಕೆಟ್ ಪಡೆದಾಗಲೂ ನನಗೆ ನಗು ತಡೆಯಲಾಗಲಿಲ್ಲ. ಕಲ್ಲು ನೋಡಲು ಬಾದಾಮಿಗೆ ಹೋಗುವವರನ್ನು ಕಂಡಿದ್ದೆ. ಹುನಗುಂದದ ಬೋಳು ಗುಡ್ಡಕ್ಕೆ ಯಾರು ಹೋಗುತ್ತಾರೆ? ಪಕ್ಕದ ಮನೆಯ ಮೆಹರುನ್ನಿಸಾ ಭೂವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. "ಒಬ್ಬಾಕಿನ್ನ ಅಮ್ಮಿ ಬಿಡಂಗಿಲ್ರಿ ಅಕ್ಕಾ, ಬರ್ರಿ" ಎಂದು ಗಂಟುಬಿದ್ದಳು. ಸಂಜೆ ಇಳಕಲ್ಲಿನಲ್ಲಿ ಸೀರೆ ಕೊಳ್ಳುವ ಕರಾರಿನ ಮೇಲೆ ಒಪ್ಪಿದೆ.

ಕಮತಗಿ ದಾಟಿದ ಮೇಲೆ ನಕಾಶೆ ಬಿಚ್ಚಿದಳು. ಗುಡ್ಡದ ಉದ್ದಕ್ಕೂ ಆಕೆ ಎಳೆದ ಒಂದು ಗೆರೆ. ಅದರ ಪೂರ್ವಕ್ಕೆ ಕಲ್ಲಿನಲ್ಲಿ ಗಾರ್ನೆಟ್ ಎಂಬ ಕೆಂಪು ಹರಳು ಸಿಕ್ಕಿತ್ತು, ಪಶ್ಚಿಮಕ್ಕೆ ಇಲ್ಲ. ಗಾರ್ನೆಟ್ ಹುಟ್ಟಲು ಹೆಚ್ಚು ಶಾಖ ಬೇಕು; ಹಾಗಾಗಿ ನೆಲದಾಳದಲ್ಲಿ ಪೂರ್ವದ ಕಲ್ಲು ಹೆಚ್ಚು ಕಾದಿತ್ತು ಎಂಬುದೇ ಆಕೆಯ ಪ್ರಬಂಧದ ಜೀವಾಳ. ಮುಂದಿನ ವಾರ ಗೈಡ್ ಕೈಗೆ ಕೊಡಬೇಕು; ಅದಕ್ಕೆ ಮುಂಚೆ ಕೊನೆಯದಾಗಿ ಒಮ್ಮೆ ನೋಡಿ ಬರುವ ಹಟ.

ಹುನಗುಂದದ ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ ಉಂಡು ಆಟೋ ಹಿಡಿದೆವು. ಬಿಸಿಲೆಂದರೆ ಬಿಸಿಲು! ಗುಡ್ಡದ ಪಶ್ಚಿಮಕ್ಕೆ ಬರೀ ಕರಿಕಲ್ಲು. "ಹಳೇ ಲಾವಾ ರೀ, ಕಾದು ಹಿಂಗ ಆಗೈತಿ" ಎಂದಳು. ಸುಸ್ತಾಗಿ ಜಾಲಿಗಿಡದ ನೆರಳಿಗೆ ಕುಳಿತ ನನಗೆ ಕರಿಕಲ್ಲಿನ ನಡುವೆ ಗೇಣಗಲದ, ಅಭ್ರಕದಂತೆ ಹೊಳೆಯುವ ಪಟ್ಟಿ ಕಂಡಿತು.

"ಮೆಹರೂ, ಇಲ್ಲೆ ಕಾಗಿಬಂಗಾರ ಐತಿ ನೋಡು."

ಆಕೆ ಮೊಣಕಾಲೂರಿ ಮಸೂರ ಹಿಡಿದಳು. ನಾನೂ ಬಗ್ಗಿದೆ. ಪಟ್ಟಿಯ ತುಂಬ ಸಾಸಿವೆ ಗಾತ್ರದ ಕೆಂಪು ಹರಳು. ಅದಕ್ಕೆ ಅಂಟಿಕೊಂಡ ಕರಿಕಲ್ಲಿನಲ್ಲಿ ಒಂದೂ ಇಲ್ಲ. ಅಬ್ಬಾ, ಎಂಥ ಚೆಂದ!

"ಗಾರ್ನೆಟ್ ರೀ ಅಕ್ಕಾ. ಗೇಣಿನ ಅಂತರದಾಗ ಶಾಖ ಬ್ಯಾರೆ ಇರಾಕ ಆಗಂಗಿಲ್ಲ. ಎರಡೂ ಒಂದ ಸಮ ಕಾದಾವು. ಈ ಪಟ್ಟಿ ಮೊದಲ ಕೆಸರಿತ್ತು, ಅಲ್ಯುಮಿನಿಯಂ ಭಾಳ, ಅದಕ್ಕ ಗಾರ್ನೆಟ್ ಹುಟ್ಯಾವು. ಲಾವಾದಾಗ ಸುಣ್ಣದ ಅಂಶ ಭಾಳ, ಕರಿ ಹರಳಷ್ಟ ಆಗ್ಯಾವು. ಪೂರ್ವಕ್ಕೆಲ್ಲಾ ಇಂಥಾ ಕೆಸರಿನ ಕಲ್ಲ, ಪಶ್ಚಿಮಕ್ಕ ಲಾವಾ. ನಾ ಶಾಖದ ಗೆರಿ ಅಂದಿದ್ದು ಬರೇ ಕಲ್ಲಿನ ಜಾತಿ ಬದಲಾಗೋ ಗೆರಿ!"

"ಅಂದ್ರ ಒಲಿ ಒಂದ, ಹಿಟ್ಟು ಬ್ಯಾರೆ?"

"ಹೂಂ ರೀ." ಆಕೆಯ ಕಣ್ಣು ತುಂಬಿದವು.

"ಬಿಡವಾ, ಇಷ್ಟು ದೊಡ್ಡ ಗುಡ್ಡದಾಗ ಈ ಪಟ್ಟಿ ಯಾರು ನೋಡ್ತಾರ?" ಎಂದೆ.

ದುರುಗುಟ್ಟಿ ನೋಡಿದಳು. "ನಾ ನೋಡೇನಲ್ರಿ."

ಭಲೇ ಹುಡುಗಿ ಎಂದುಕೊಂಡೆ. ಇಳಕಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದವಳೇ ಗೈಡಿಗೆ ಫೋನ್ ಹಚ್ಚಿದಳು.

"ಸರ್, ನನ್ನ ಗೆರಿ ತಪ್ಪೈತ್ರಿ. ಪ್ರಬಂಧ ಮುಂದಿನ ವಾರ ಕೊಡಾಕ ಆಗಂಗಿಲ್ರಿ."

ಆ ಕಡೆಯಿಂದ ಜೋರು ದನಿ ನನಗೂ ಕೇಳಿಸಿತು. ಮೆಹರು ಕಣ್ಣೊರೆಸಿಕೊಂಡು ನಕ್ಕಳು.

"ಇಲ್ರಿ ಸರ್, ಮುಚ್ಚಿಡಾಕ ಮನಸ್ಸ ಬರಂಗಿಲ್ರಿ. ನೀವ ಒಮ್ಮೆ ಬಂದು ನೋಡ್ರಿ, ಅಷ್ಟು ಚಂದ ಐತಿ."