ಒಣಗಿಸಿದ ದೋಣಿ

ಅಕ್ಕನ ಅತ್ತೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಬಸುರಿ ಸೊಸೆಯನ್ನು ಹರಿಗೋಲಿನಲ್ಲಿ ಕೂರಿಸಿ ಹೊಳೆ ದಾಟಿಸುವುದಿಲ್ಲ, ಮರದ ದೋಣಿ ತಂದರೆ ಕಳಿಸುತ್ತೇವೆ, ಇಲ್ಲವಾದರೆ ಬಾಣಂತನ ನಮ್ಮಲ್ಲೇ ಆಗಲಿ. ಹರಿಗೋಲು ಗಿರಗಿರನೆ ತಿರುಗುತ್ತದೆ, ಹೊಟ್ಟೆಯೊಳಗಿನ ಕೂಸಿಗೂ ತಲೆ ಸುತ್ತುತ್ತದೆ ಎಂಬುದು ಅವರ ವಾದ. ನಾನು ಆಗ ಮಂಡ್ಯದ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದವನು, ಬೇಸಿಗೆ ರಜಕ್ಕೆ ಊರಿಗೆ ಬಂದಿದ್ದೆ. ಈ ಮಾತು ಕೇಳಿ ನನಗೆ ಮೈ ಉರಿದುಹೋಯಿತು. ಕೂಸಿಗೆ ತಲೆ ಸುತ್ತುವುದಂತೆ! ಹೋಗಿ ಜಗಳ ಆಡಿಬರುತ್ತೇನೆ ಎಂದು ಹೊರಟವನನ್ನು ಅವ್ವ ತಡೆದಳು.

"ಜಗ್ಳ ಆಡುದ್ರೆ ಕಳುಸ್ತಾರೇನ್ಲಾ? ಸುಮ್ಕಿರು" ಎಂದಳು.

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು ಇದು. ನಮ್ಮೂರು ಮಳವಳ್ಳಿ ತಾಲ್ಲೂಕಿನಲ್ಲಿ, ಕಾವೇರಿಯ ಈ ದಂಡೆಗೆ. ಅಕ್ಕನನ್ನು ಕೊಟ್ಟಿದ್ದು ಆ ದಂಡೆಯ ಊರಿಗೆ. ನಡುವೆ ಹೊಳೆಯೊಂದೇ ಅಡ್ಡ. ರಸ್ತೆಯಲ್ಲಿ ಹೋಗಬೇಕೆಂದರೆ ಕಿರುಗಾವಲಿಗೆ ಬಂದು ಬಸ್ಸು ಹಿಡಿದು, ನರಸೀಪುರ ಸುತ್ತಿ, ಅಲ್ಲಿಂದ ಎತ್ತಿನ ಗಾಡಿ ಮಾಡಿಕೊಂಡು ಇಡೀ ದಿನ ಕಳೆಯಬೇಕು. ಆ ಬಸ್ಸಿನ ಕುಲುಕಾಟಕ್ಕೆ ಗಟ್ಟಿಮುಟ್ಟಾದ ಗಂಡಸರೇ ಸೊಂಟ ಹಿಡಿದುಕೊಂಡು ಇಳಿಯುತ್ತಿದ್ದರು. ಏಳು ತಿಂಗಳ ಬಸುರಿಯನ್ನು ಅದರಲ್ಲಿ ಕರೆತರುವುದಕ್ಕೆ ಅವ್ವನೇ ಒಪ್ಪಲಿಲ್ಲ.

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಕರೆತರುವುದಾದರೆ ಏಳನೇ ತಿಂಗಳಲ್ಲೇ ಕರೆತರಬೇಕು. ಎಂಟಕ್ಕೆ ಬಿದ್ದರೆ ಬಸುರಿ ಹೊಳೆ ದಾಟುವಂತಿಲ್ಲ, ಮನೆ ಬದಲಿಸುವಂತಿಲ್ಲ. ಒಂಬತ್ತರವರೆಗೆ ಕಾಯೋಣವೆಂದರೆ ಆ ಹೊತ್ತಿಗೆ ಮಳೆಗಾಲ ಹಿಡಿದು ಹೊಳೆ ತುಂಬಿರುತ್ತದೆ. ಏಳು ಮುಗಿಯಲು ಇನ್ನು ಹದಿನೆಂಟು ದಿನ ಇತ್ತು. ಅವ್ವ ನೀರುಮನೆಯ ಪಕ್ಕದ ಕೋಣೆಗೆ ಸಗಣಿ ಸಾರಿಸಿ, ಬಾಣಂತಿ ಕಾಯಿಸಿಕೊಳ್ಳುವುದಕ್ಕೆ ಸೌದೆ ಒಟ್ಟಿಸಿ, ಹಳೆಯ ಸೀರೆಗಳನ್ನೆಲ್ಲ ಒಗೆದು ಮಡಿಸಿಟ್ಟಿದ್ದಳು. ಮದುವೆಯಾದ ಮೇಲೆ ಅಕ್ಕ ನಮ್ಮ ಮನೆಯಲ್ಲಿ ನಾಲ್ಕು ದಿನ ನೆಮ್ಮದಿಯಾಗಿ ಕೂತವಳಲ್ಲ. ಅತ್ತೆ ಮನೆಯಲ್ಲಿ ಕೆಲಸ ಬಹಳ ಎಂದು ಅವ್ವನ ಕಿವಿಗೆ ಬಿದ್ದಿತ್ತು. ಈ ಬಾಣಂತನದ ನೆಪದಲ್ಲಾದರೂ ಮಗಳು ಐದು ತಿಂಗಳು ಕಾಲು ಚಾಚಿ ಮಲಗಲಿ ಎಂಬುದು ಅವಳ ಆಸೆ.

ನಮ್ಮೂರಿನಿಂದ ಎರಡು ಮೈಲಿ ಕೆಳಗೆ, ಕಡವಿನಲ್ಲಿ ಜನ ದಾಟಿಸುತ್ತಿದ್ದ ಒಬ್ಬ ಮುದುಕನ ಹತ್ತಿರ ಮರದ ದೋಣಿ ಇದೆ, ಕೈಲಾಗದೆ ಮಾರುತ್ತಿದ್ದಾನೆ ಎಂದು ತಿಳಿಯಿತು. ಒಂದು ಸಲ ಮಗಳನ್ನು ಕರೆತರುವುದಕ್ಕೆ ದೋಣಿ ಕೊಳ್ಳುತ್ತೇನೆಂದರೆ ಊರು ನಗುತ್ತದೆ. ಅದಕ್ಕೆ ಅಪ್ಪ, ಹೊಳೆ ನಡುವಿನ ತಿಟ್ಟಿನಲ್ಲಿ ಬೆಳೆದ ಹುಲ್ಲು ಸಾಗಿಸಲು ಬೇಕು ಎಂದು ಎಲ್ಲರಿಗೂ ಹೇಳಿಕೊಂಡು ಬಂದ. ಯಾರೂ ನಂಬಲಿಲ್ಲ. ಅಪ್ಪನೂ ಯಾರಾದರೂ ನಂಬಲಿ ಎಂದು ಹೇಳಿದಂತಿರಲಿಲ್ಲ.

ನಾವಿಬ್ಬರೂ ನೋಡಲು ಹೋದಾಗ ದೋಣಿ ಮರದ ಕೊಂಬೆಗಳ ಕೆಳಗೆ, ದಟ್ಟ ನೆರಳಿನಲ್ಲಿ ನಿಂತಿತ್ತು. ಒಳಗೆ ಮೊಣಕಾಲುದ್ದ ನೀರು. ಒಳಮೈ ತುಂಬ ಬೂಷ್ಟು. ಕೂರುವ ಹಲಗೆಯ ಕೆಳಗೆ ಬಿಳಿ, ಪಕ್ಕೆಗಳಲ್ಲಿ ಹಸಿರು, ಮೂಲೆಗಳಲ್ಲಿ ಕಪ್ಪು. ಬಗ್ಗಿದರೆ ನೆಂದ ಗೋಣಿಚೀಲದ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಜೇಬಿನಲ್ಲಿದ್ದ ಚಾಕು ತೆಗೆದು ಹಲಗೆಗೆ ಚುಚ್ಚಿದೆ. ಮೇಲಿನ ಪದರ ಮೆತ್ತಗೆ ಎದ್ದು ಬಂತು, ಒಳಗಿನ ಮರ ಚಾಕುವಿಗೆ ಬಗ್ಗಲಿಲ್ಲ. ಆದರೂ ನನ್ನ ಅನುಮಾನ ಹೋಗಲಿಲ್ಲ.

"ನೀರ್ ಯಾಕಿಂಗೆ ನಿಲ್ಸಿದ್ದೀಯಾ ತಾತ?" ಎಂದು ಕೇಳಿದೆ.

"ನಿಲ್ಲುಸ್ಬೇಕು ಮಗ. ನೀವೂ ಅಂಗೇ ಮಾಡಿ. ನೆರಳಲ್ಲಿ ಮಡಗಿ, ಒಳಗ್ಲ ನೀರು ಆರಾಕೆ ಬುಡಬ್ಯಾಡಿ. ಬೂಷ್ಟು ಬತ್ತದೆ, ಒಂದ್ ಕೈ ತೆಂಗಿನ್ ನಾರಲ್ಲಿ ಉಜ್ಜುದ್ರೆ ಓಯ್ತದೆ."

ಸರಿಯಾಗಿಯೇ ಹೇಳಿದ್ದ. ನನಗೆ ಮಾತ್ರ ಅದು ಕಳ್ಳನ ಮಾತಾಗಿ ಕೇಳಿಸಿತು. ಎಲ್ಲೋ ಸೋರುತ್ತದೆ, ಅದನ್ನು ಮುಚ್ಚಿಡಲು ನೀರು ತುಂಬಿಸಿ ನೆರಳಲ್ಲಿ ಕಟ್ಟಿದ್ದಾನೆ ಎಂದು ಅಪ್ಪನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದೆ. ಯಾರು ಏನು ಹೇಳಿದರೂ ಅದರ ಹಿಂದೆ ಮೋಸ ಹುಡುಕುವುದು ಆಗ ನನ್ನ ಬುದ್ಧಿವಂತಿಕೆಯಾಗಿತ್ತು. ಅಪ್ಪ ಗಡ್ಡ ಕೆರೆದುಕೊಂಡು ನಿಂತ. "ಓದಿರೋನು ನೀನು. ನೀನೇ ಹೇಳ್ಲಾ, ತಕ್ಕಳಾದೋ ಬ್ಯಾಡ್ವೋ?" ಎಂದ. ಅಪ್ಪ ನನ್ನನ್ನು ಒಂದು ವಿಷಯ ಕೇಳಿದ್ದು ಅದೇ ಮೊದಲು. ಆ ಹಿಗ್ಗಿನಲ್ಲಿ, ಗೊತ್ತಿಲ್ಲ ಎನ್ನುವ ಮಾತು ನನ್ನ ಬಾಯಿಂದ ಬರಲೇ ಇಲ್ಲ.

ನಮ್ಮ ಗೊಂದಲ ನೋಡಿ ಮುದುಕನೇ ದಾರಿ ತೋರಿಸಿದ. "ಎಂಟು ದಿನ ನಿಮ್ ತಾವೇ ಮಡಿಕ್ಕಂಡು ನೋಡಿ ಗೌಡ್ರೇ. ಬ್ಯಾಡ ಅನ್ನುಸ್ದ್ರೆ ತಂದು ಇಲ್ಲೇ ಕಟ್ಬುಡಿ."

ಒಳಗಿನ ನೀರು ಮೊಗೆದು ಚೆಲ್ಲಿ, ಗಳ ಹಾಕಿಕೊಂಡು ನಮ್ಮೂರಿನವರೆಗೆ ಅದರಲ್ಲೇ ಬಂದೆವು. ಒಂದು ತೊಟ್ಟು ಸೋರಲಿಲ್ಲ. ಅಪ್ಪ ಅದನ್ನು ಎರಡು ಸಲ ಹೇಳಿದ. ಕೊಳೆ ಕಟ್ಟಿಕೊಂಡಿದೆ, ಅದಕ್ಕೆ ಸೋರುತ್ತಿಲ್ಲ ಎಂದು ನಾನು ಬಾಯಿ ಮುಚ್ಚಿಸಿದೆ. ಅವತ್ತೇ ಹೊಳೆ ದಾಟಿ ಅಕ್ಕನನ್ನು ಕರೆತಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ದಂಡೆಗೆ ಬಂದ ಅವ್ವ ಒಳಗೆ ಇಣುಕಿ ನೋಡಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಬೂಷ್ಟು ಇಡ್ದಿರೋದ್ರಾಗೆ ನನ್ ಮಗ್ಳುನ್ನ ಕೂರುಸ್ತೀರಾ? ಅವ್ಳತ್ತೆ ನೋಡುದ್ರೆ ಜನ್ಮ ಇರೋಗಂಟ ಆಡ್ಕತಾಳೆ. ಮೊದ್ಲು ಇದ್ನ ನೆಟ್ಗೆ ಮಾಡಿ."

ಬೂಷ್ಟಿಗೆ ನಮಗೆ ಗೊತ್ತಿದ್ದ ಮದ್ದು ಒಂದೇ, ಬಿಸಿಲು ಮತ್ತು ಹೊಗೆ. ರಾಗಿ ಕುಕ್ಕೆಗೆ ಬೂಷ್ಟು ಬಂದರೆ ಬಿಸಿಲಿಗೆ, ಉಪ್ಪಿನಕಾಯಿ ಜಾಡಿಗೆ ಬಂದರೆ ಒಲೆಯ ಪಕ್ಕಕ್ಕೆ. ಹರಿಗೋಲಿನದೂ ಹಾಗೆಯೇ. ಪ್ರತಿ ಸಂಜೆ ದಂಡೆಯ ಮೇಲೆ ಬೋರಲು ಹಾಕಿ ಒಣಗಿಸದಿದ್ದರೆ ಅದರ ಚರ್ಮ ಕೊಳೆತು ನಾರುತ್ತದೆ. ನಮ್ಮೂರ ಹತ್ತಿರ ಹೊಳೆಯ ಮೇಲೆ ನಾವು ಹುಟ್ಟಿದಾಗಿನಿಂದ ಕಂಡಿದ್ದು ಹರಿಗೋಲನ್ನೇ. ಮರದ ದೋಣಿ ನಮ್ಮೂರಿನ ಯಾರ ಮನೆಯಲ್ಲೂ ಇರಲಿಲ್ಲ. ಹಾಗಾಗಿ ಆಲೆಮನೆಗೆ ಸಾಗಿಸೋಣ ಎಂದು ನಾನು ಹೇಳಿದಾಗ ಊರಿನಲ್ಲಿ ಒಬ್ಬನೇ ಒಬ್ಬನಿಗೂ ಅದು ತಪ್ಪೆನಿಸಲಿಲ್ಲ. ಭೇಷ್ ಎಂದರು. ಗಾಡಿಗೆ ಹೇರಲು ಆರು ಜನ ಕೈ ಹಾಕಿದರು.

ಕಬ್ಬಿನ ಸಿಪ್ಪೆ ಉರಿಸಿ ಬೆಲ್ಲ ಕಾಯಿಸುವ ನಮ್ಮ ಆಲೆಮನೆಯ ಒಲೆಯ ಬಾಯಿಗೆ ನಾಲ್ಕು ಮಾರು ದೂರದಲ್ಲಿ ದೋಣಿಯನ್ನು ಕಲ್ಲುಗಳ ಮೇಲೆ ಬೋರಲು ಹಾಕಿದೆವು. ಹಗಲೆಲ್ಲ ಒಂದು ಕಡೆಯಿಂದ ಬಿಸಿಲು, ಇನ್ನೊಂದು ಕಡೆಯಿಂದ ಒಲೆಯ ಝಳ. ನಾಲ್ಕು ದಿನಕ್ಕೆ ಬೂಷ್ಟು ಹಿಟ್ಟಿನಂತೆ ಉದುರಿಹೋಯಿತು. ತೆಂಗಿನ ನಾರಿನಲ್ಲಿ ಉಜ್ಜಿ, ಸುಣ್ಣದ ನೀರು ಹೊಡೆದೆ. ಮರ ಬೆಳ್ಳಗೆ ಹೊಳೆಯಿತು. ಹಳೆಯ ವಾಸನೆಯ ಬದಲು ಬೆಲ್ಲದ ಘಮ. ಅವ್ವ ಬಂದು ಒಳಗೆ ಕೈಯಾಡಿಸಿ, "ಈಗ್ ಸರಿ ಕಣಪ್ಪ" ಎಂದಳು. ನಾಡಿದ್ದು ಸೋಮವಾರ ಬರುತ್ತೇವೆ ಎಂದು ಅಕ್ಕನಿಗೆ ಹರಿಗೋಲಿನವನ ಕೈಲಿ ಹೇಳಿ ಕಳಿಸಿದೆವು.

ಆ ನಾಲ್ಕು ದಿನದಲ್ಲಿ ದೋಣಿಯ ಕೆಳಗೆ ನೆಲದ ಮೇಲೆ ಉದ್ದುದ್ದ ಬೆಳಕಿನ ಗೆರೆಗಳು ಬೀಳತೊಡಗಿದ್ದವು. ಮೊದಲ ದಿನ ಇರಲಿಲ್ಲ, ಎರಡನೇ ದಿನ ಕೂದಲೆಳೆಯಷ್ಟು, ನಾಲ್ಕನೇ ದಿನ ಕಡ್ಡಿಯಷ್ಟು. ನಾನೇ ನೋಡಿದ್ದೆ. ನೋಡಿಯೂ, ಬೂಷ್ಟು ಹೋದ ಜಾಗ ಇರಬೇಕು ಅಂದುಕೊಂಡೆ. ಮರ ಒಣಗಿದರೆ ಕುಗ್ಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದವನು ನಾನು.

ಭಾನುವಾರ ಹೊಳೆಗೆ ಇಳಿಸಿದೆವು. ಎಲ್ಲ ಸಂದುಗಳಿಂದಲೂ ಒಟ್ಟಿಗೆ ನೀರು ನುಗ್ಗಿತು. ನಾನೂ ಅಪ್ಪನೂ ಎಷ್ಟು ಮೊಗೆದರೂ ಪ್ರಯೋಜನವಾಗಲಿಲ್ಲ. ಅವ್ವನ ಕಣ್ಣೆದುರಿಗೇ ದೋಣಿ ಸೊಂಟದುದ್ದ ನೀರಿನಲ್ಲಿ ಕೂತುಬಿಟ್ಟಿತು.

ಸುದ್ದಿ ತಿಳಿದು ಮುದುಕ ಅವತ್ತು ಸಂಜೆಯೇ ನಡೆದುಕೊಂಡು ಬಂದ. ನೀರಿಗಿಳಿದು ಹಲಗೆಗಳ ಸಂದುಗಳಲ್ಲಿ ಬೆರಳಾಡಿಸಿದ. ಬೈದಿದ್ದರೆ ನಾನೂ ಎದುರು ಬೈಯುತ್ತಿದ್ದೆ. ಅವನು ಬೈಯಲಿಲ್ಲ.

"ಅರಿಗೋಲು ಆರ್ಬೇಕು, ದೋಣಿ ನೆನೀಬೇಕು ಮಗ. ಅಲ್ಗೆ ಉಬ್ಬುದ್ರೆ ತಾನೆ ಸಂದು ಮುಚ್ಕಳಾದು? ಏಳಿದ್ನಲ್ಲ ನಾನು."

"ಈಗೇನ್ ಮಾಡಾದು?" ಎಂದು ಅಪ್ಪ ಕೇಳಿದ.

"ಕಲ್ ಏರಿ ಮುಳುಗ್ಸಿ ಮಡಗಿ. ಅದ್ನೈದ್ ದಿನಕ್ಕೆ ಕೂಡ್ಕಳ್ತದೆ. ಇಪ್ಪತ್ತಾದ್ರೂ ಆಗ್ಬೋದು."

ಏಳನೇ ತಿಂಗಳು ಮುಗಿಯಲು ಹನ್ನೊಂದು ದಿನ ಉಳಿದಿತ್ತು. ಅಪ್ಪ ಮುದುಕನಿಗೆ ಅಲ್ಲೇ ಮಾತು ಕೊಟ್ಟ, ದೋಣಿ ನಮ್ಮದೇ ಆಯಿತು. ಕೊಳ್ಳಬೇಕೋ ಬೇಡವೋ ಎಂದು ಈ ಸಲ ನನ್ನನ್ನು ಕೇಳಲಿಲ್ಲ. ಮನೆಗೆ ಬರುವಾಗ, "ನಾಳೀಕೆ ಓಗಿ ಅಕ್ಕಂಗೆ ಇಂಗಿಂಗಾಯ್ತು ಅಂತ ಏಳ್ಬುಟ್ಟು ಬಾ" ಎಂದಷ್ಟೇ ಹೇಳಿದ.

ಬೆಳಿಗ್ಗೆ ದಂಡೆಗೆ ಹೋದೆ. ಹರಿಗೋಲು ನಿಂತಿತ್ತು. ಹತ್ತಲಿಲ್ಲ. ಅಕ್ಕನ ಅತ್ತೆಯ ಮುಂದೆ ನಿಂತು, ಒಳ್ಳೆಯ ದೋಣಿಯನ್ನು ನಾನೇ ಒಣಗಿಸಿ ಕೆಡಿಸಿದೆ ಎಂದು ಹೇಳುವುದನ್ನು ನೆನೆದರೇ ಮುಖ ಬೆಂಕಿಯಾಗುತ್ತಿತ್ತು. ಎರಡು ಮೂರು ದಿನಕ್ಕೇ ಹಲಗೆ ಕೂಡಿಕೊಂಡರೆ ಹೇಳುವ ಪ್ರಮೇಯವೇ ಬರುವುದಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಧ್ಯಾಹ್ನ ಮನೆಗೆ ಬಂದು, "ಹೇಳಿದೆ" ಎಂದೆ. ಅಪ್ಪ ತಲೆಯಾಡಿಸಿದ. ಅಲ್ಲಿಂದ ಮುಂದೆ ದಿನಕ್ಕೆ ನಾಲ್ಕು ಸಲ ಹೊಳೆಗೆ ಹೋಗಿ, ನೀರಿನೊಳಗೆ ಕೈಯಿಟ್ಟು ಸಂದುಗಳನ್ನು ಮುಟ್ಟಿ ನೋಡುತ್ತಿದ್ದೆ. ಉಗುರು ತೂರುತ್ತಲೇ ಇತ್ತು.

ಒಂಬತ್ತನೇ ದಿನ ಹರಿಗೋಲಿನವನು ಅಪ್ಪನನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದನಂತೆ. "ಯಾವಾಗ ಬತ್ತೀರಿ ಅಂತ ನಿಮ್ ಮಗ್ಳು ದಿನಾ ಕೇಳ್ತಾ ಅವ್ಳಲ್ಲ ಗೌಡ್ರೇ?" ಅಪ್ಪ ಮನೆಗೂ ಬರದೆ ಅಲ್ಲಿಂದಲೇ ಹೊಳೆ ದಾಟಿ ಹೋದ. ಸಂಜೆ ಹಿಂದಿರುಗಿ ಜಗಲಿಯ ಮೇಲೆ ಕೂತು ನನ್ನನ್ನು ಕರೆದ. "ಒಂದ್ ಮಾತ್ ಏಳಾಕೆ ಏನಾಗಿತ್ಲಾ ನಿಂಗೆ?" ಎಂದ. ಕಾಲೇಜು ಶುರುವಾಗಿ ಮಂಡ್ಯದ ಬಸ್ಸು ಹತ್ತುವವರೆಗೂ ಅಪ್ಪ ನನ್ನ ಜೊತೆ ಮತ್ತೆ ಮಾತಾಡಲಿಲ್ಲ.

ದೋಣಿ ಕೂಡಿಕೊಳ್ಳುವ ಹೊತ್ತಿಗೆ ಅಕ್ಕನಿಗೆ ಎಂಟು ಹಿಡಿದಿತ್ತು. ಒಂಬತ್ತಕ್ಕೆ ಹೊಳೆ ಕೆಂಪಾಗಿ ದಡ ಮೀರಿ ಹರಿಯಿತು. ಅಕ್ಕ ಅತ್ತೆಯ ಮನೆಯಲ್ಲೇ ಹೆತ್ತಳು. ಹೆಣ್ಣು ಮಗು, ಗಟ್ಟಿಯಾಗಿತ್ತು. ಹಸಿ ಮೈಯಲ್ಲೇ ಅಕ್ಕ ಎದ್ದು ಕೆಲಸಕ್ಕೆ ನಿಂತಳೆಂದೂ ಸನ್ನಿ ಹಿಡಿಯಿತೆಂದೂ ಆಮೇಲೆ ತಿಳಿಯಿತು. ನೀರು ಇಳಿಯಲು ಹನ್ನೆರಡು ದಿನ ಬೇಕಾಯಿತು. ಇಳಿದ ಮೇಲೆ ಅವ್ವ ಅದೇ ದೋಣಿಯಲ್ಲಿ ಆ ದಂಡೆಗೆ ಹೋದಳು. ಅಕ್ಕ ಗೋಡೆಗೆ ಒರಗಿ ಕೂತಿದ್ದಳಂತೆ. ಅವ್ವನನ್ನು ನೋಡಿ, "ಯಾರಮ್ಮ ನೀನು?" ಎಂದಳಂತೆ.

ಸರಿಹೋಗಲು ಆರು ತಿಂಗಳು ಹಿಡಿಯಿತು. ನಮ್ಮ ಮನೆಯಲ್ಲಿ ಹೆತ್ತಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಯಾರು ಹೇಳಬಲ್ಲರು? ನಾನು ಹೇಳಬಲ್ಲೆ. ಅವ್ವ ಅವಳನ್ನು ಹಾಸಿಗೆಯಿಂದ ಏಳಲು ಬಿಡುತ್ತಿರಲಿಲ್ಲ. ಅಷ್ಟು ನನಗೆ ಖಂಡಿತವಾಗಿ ಗೊತ್ತು. ಈ ಮಾತನ್ನು ಇಷ್ಟು ವರ್ಷ ಯಾರಿಗೂ ಹೇಳಿಕೊಂಡಿರಲಿಲ್ಲ.

ಆಮೇಲೆ ಅಕ್ಕ ಹಬ್ಬಕ್ಕೆ ಬಂದಳು, ಹೋದಳು. ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿದಳು. ಆ ಬೇಸಿಗೆಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮರೆತಿದ್ದಾಳೆ ಎಂದೇ ನಾನು ನಂಬಿಕೊಂಡೆ.

ಮೂರು ವರ್ಷ ಕಳೆದು ಅಕ್ಕ ಮತ್ತೆ ಬಸುರಿಯಾದಳು. ಅವ್ವ ಮತ್ತೆ ಕೋಣೆ ಸಾರಿಸಿದಳು. ನಾನು ಆಗ ಮದ್ದೂರಿನಲ್ಲಿ ಮೇಷ್ಟರ ಕೆಲಸದಲ್ಲಿದ್ದೆ. ಅಕ್ಕನನ್ನು ನಾನೇ ಕರೆತರುತ್ತೇನೆ ಎಂದು ರಜ ಹಾಕಿ ಊರಿಗೆ ಬಂದೆ. ಏಳನೇ ತಿಂಗಳು ಹುಟ್ಟಿದ ವಾರವೇ ದೋಣಿ ತೊಳೆದು, ಹೊಸ ಚಾಪೆ ಹಾಸಿಕೊಂಡು ಆ ದಂಡೆಗೆ ಹೋದೆ. ಈ ಸಲ ಅತ್ತೆಯದೇನೂ ಅಡ್ಡಿ ಇರಲಿಲ್ಲ. ಅವರೇ ಅಕ್ಕನನ್ನು ದಂಡೆಯವರೆಗೆ ಕಳಿಸಿಕೊಟ್ಟರು. ಅಕ್ಕ ಬರಿಗೈಯಲ್ಲಿ ಬಂದಳು.

"ಬಟ್ಟೆ ಗಂಟೆಲ್ಲಿ? ಹತ್ತು ಅಕ್ಕ, ಬಿಸಿಲಾಗ್ತದೆ" ಎಂದೆ.

"ನಾ ಬರಕಿಲ್ಲ ಕಣ್ಲಾ. ಅವ್ವಂಗೆ ಏಳ್ಬುಡು."

"ಯಾಕೆ?"

ಅವಳು ದೋಣಿಯ ಕಡೆ ನೋಡಲಿಲ್ಲ. ಸಿಟ್ಟೂ ಇರಲಿಲ್ಲ ಅವಳ ದನಿಯಲ್ಲಿ. "ಆವತ್ತು ಸ್ವಾಮಾರ ಬತ್ತೀರಿ ಅಂದಿದ್ರಲ್ಲ. ಗಂಟು ಕಟ್ಕಂಡು, ತಲೆ ಬಾಚ್ಕಂಡು ಬಂದು ಇಲ್ಲಿ ಕುಂತ್ಕಂಡೆ. ಒಂಬತ್ ದಿನ ಕುಂತಿದ್ದೀನಿ ಕಣ್ಲಾ. ಸಂಜೆ ಗಂಟು ಒತ್ಕಂಡು ಮನೇಗೋದ್ರೆ ನಮ್ಮತ್ತೆ, 'ನಿಮ್ಮೋರಿಗೆ ನೀನು ಬ್ಯಾಡ್ವಂತೆ' ಅನ್ನೋಳು. ಆಮೇಲಾಮೇಲೆ ನಂಗೂ ಅಂಗೇ ಅನ್ನುಸ್ತು. ಇನ್ನೊಂದ್ ಸತಿ ಕುಂತ್ಕಳಾಕೆ ನನ್ ಕೈಲಾಗಕಿಲ್ಲ."

ನಾನು ಸುಳ್ಳು ಹೇಳಿದ್ದೆ, ಹೇಳಿಬರಲು ಬಂದಿರಲೇ ಇಲ್ಲ, ತಪ್ಪು ನನ್ನದು ಎಂದೆಲ್ಲ ಅವಳಿಗೆ ಹೇಳಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. "ಗೊತ್ತು ಕಣೋ, ಅಪ್ಪ ಆವತ್ತೇ ಏಳಿದ್ದ" ಎಂದಳು. ಕಣ್ಣೊರೆಸಿಕೊಳ್ಳಲು ತನ್ನ ಸೆರಗಿನ ತುದಿ ಕೊಟ್ಟಳು. ಆದರೆ ದೋಣಿ ಹತ್ತಲಿಲ್ಲ.

ಗಳ ಹಾಕಿಕೊಂಡು ಒಬ್ಬನೇ ಹೊರಟೆ. ಈ ದಂಡೆಯಲ್ಲಿ ಅವ್ವ ಕಾಯುತ್ತ ನಿಂತಿದ್ದಳು. ಹೊಳೆಯ ನಡುವಿಗೆ ಬರುವಷ್ಟರಲ್ಲೇ ಅವಳಿಗೆ ಕಾಣಿಸಿರಬೇಕು. ನಾನು ದಡ ಮುಟ್ಟುವ ಮೊದಲೇ ಅವಳು ತಿರುಗಿ ಮನೆಯ ಕಡೆ ನಡೆದುಹೋದಳು.