ಕಲ್ಲುತೊಟ್ಟಿಯಿಂದಾಚೆಯ ರಸ್ತೆ

ಸಾಂಡ್ರೊ ನನಗೆ ಹೇಳಿದ್ದು ಇಷ್ಟೇನಾ, ಅಥವಾ ಉಳಿದದ್ದನ್ನು ನಾನೇ ಸೇರಿಸಿಕೊಂಡೆನಾ ಎಂದು ಕೇಳಿದರೆ, ಗೆಳೆಯರೇ, ಆಣೆ ಮಾಡಿ ಹೇಳಲಾರೆ. ಚಳಿಗೆ ಒಳಗೆ ತಂದಿಟ್ಟ ಕರಿಬೇವಿನ ಕುಂಡಕ್ಕೆ ನಾನು ನೀರು ಹನಿಸುವ ಈ ಸೊಟ್ಟ ಪ್ಲಾಸ್ಟಿಕ್ ಬಾಟಲಿ ಅವನದು. ನಾವು ವಲಸೆ ಬಂದು ನೆಲೆಸಿರುವ ಮಾನ್ಮತ್ ಜಂಕ್ಷನ್ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯವನು. ಅದಕ್ಕೂ ಮೊದಲು ಇಟಲಿಯಲ್ಲಿ ವೃತ್ತಿಪರ ಸೈಕಲ್ ಸವಾರ. ಸವಾರನೆಂದರೆ ಗೆಲ್ಲುವವನಲ್ಲ, ತಂಡದ ನಾಯಕನಿಗೆ ನೀರು ಹೊರುವವನು. ಅಂಗಿಯೊಳಗೆ ಬಾಟಲಿಗಳನ್ನು ತುರುಕಿಕೊಂಡು ಹಿಂದಿನಿಂದ ಮುಂದಕ್ಕೆ ತುಳಿಯುವುದು, ಗಾಳಿಗೆ ಎದೆಯೊಡ್ಡಿ ನಾಯಕನನ್ನು ಮರೆಯಲ್ಲಿಟ್ಟುಕೊಳ್ಳುವುದು, ಕೊನೆಗೆ ದಾರಿ ಬಿಟ್ಟುಕೊಡುವುದು. ಅವನ ವೃತ್ತಿಜೀವನವೆಲ್ಲ ಇಷ್ಟೇ.

ಒಂದೇ ಒಂದು ದಿನ ಅವನು ಎಲ್ಲರಿಗಿಂತ ಮುಂದಿದ್ದನಂತೆ, ಒಬ್ಬನೇ. ಬೆಟ್ಟದ ಮೇಲೊಂದು ಕಲ್ಲುತೊಟ್ಟಿ. ಅದರಾಚೆಯ ಊರಿನಲ್ಲೇ ಗೆಲುವಿನ ಗೆರೆ. ತೊಟ್ಟಿಯ ಬಳಿ ಇಳಿದ, ಬಾಟಲಿ ತುಂಬಿಸಿದ, ನಾಯಕ ಬರುವವರೆಗೆ ನಿಂತ. ಹಿಂದೆ ಬರುತ್ತಿದ್ದ ತಂಡದ ಕಾರಿನಿಂದ ನಿಲ್ಲು ಎಂದು ಕೂಗಿದರೆಂದು ನಿಂತನೋ, ಕಾಲು ಸೋತು ನಿಂತು ನೀರಿನ ನೆಪ ಹೇಳಿದನೋ? ಎರಡೂ ಅವನ ದನಿಯಲ್ಲೇ ನನಗೆ ಕೇಳಿಸುತ್ತವೆ. ಕಣ್ಣಿಗೆ ಕಂಡದ್ದನ್ನೂ ಅನುಮಾನಿಸಲು ಕಲಿಸಿ ನನಗೆ ಡಾಕ್ಟರೇಟ್ ಕೊಟ್ಟ ವಿಶ್ವವಿದ್ಯಾಲಯ, ಕಿವಿಯೊಳಗಿನ ಇಂಥ ಜಗಳಕ್ಕೆ ಮದ್ದು ಕಲಿಸಲಿಲ್ಲ.

ಅವನು ತೀರಿಕೊಂಡ ಮೇಲೆ ಮಗಳು ಕಾರ್ಲಾ ನಮ್ಮ ಅಡುಗೆಮನೆಯಲ್ಲಿ ಕುಳಿತು ಕೇಳಿದಳು: "ಡಾಕ್, ಅಪ್ಪ ಸೋತನಾ, ಬಿಟ್ಟುಕೊಟ್ಟನಾ? ಚಿಕ್ಕಪ್ಪಂದಿರು ಈಗಲೂ ಅವನಿಗೆ ದಮ್ಮಿರಲಿಲ್ಲ ಅಂತಾರೆ. ಇಲ್ಲಿ ಅವನ ಜೊತೆ ಸೈಕಲ್ ರೈಡ್ ಮಾಡುತ್ತಿದ್ದವನು ನೀನೊಬ್ಬನೇ."

"ಗೊತ್ತಿಲ್ಲ" ಎಂದೆ.

"ಇವರನ್ನಾ ಕೇಳೋದು?" ಚಹಾ ಸೋಸುತ್ತಿದ್ದ ನನ್ನ ಹೆಂಡತಿ ಕನ್ನಡದಲ್ಲಿ ಗೊಣಗಿದಳು. "ಗಾರ್ಬೇಜ್ ಹೊರಗಿಟ್ಟೆನಾ ಅಂತ ಮತ್ತೆ ಮತ್ತೆ ಎದ್ದು ಹೋಗಿ ನೋಡೋ ಮನುಷ್ಯ!"

ಸಮಾಧಾನಕ್ಕೆಂದು ಒಂದು ಉತ್ತರವನ್ನು ಆರಿಸಿ ಕೊಡಬಹುದಿತ್ತು. ಆದರೆ ಯಾವುದು ಸಾಂಡ್ರೊನದು, ಯಾವುದು ಬರೀ ನನ್ನ ಪ್ರೀತಿಯದು?

ಬೇಸಿಗೆಯಲ್ಲಿ ಅವಳು ಆ ಬೆಟ್ಟಕ್ಕೇ ಹೋಗಿ ವಿಡಿಯೊ ಕಾಲ್ ಮಾಡಿದಳು. ತೊಟ್ಟಿ ಇತ್ತು. "ಬಾಟಲಿಗೆ ನೀರು ತುಂಬಿ ರಸ್ತೆಗೆ ಸುರಿ" ಎಂದೆ. "ಹುಚ್ಚಾ ನಿನಗೆ?" ಎನ್ನುತ್ತಲೇ ಸುರಿದಳು. ನೀರು ಒಂದು ಕ್ಷಣ ಅನುಮಾನಿಸಿದಂತೆ ನಿಂತು, ಊರಿನ ಕಡೆಗೆ ಹರಿಯಿತು. ಅವಳು ಫೋನನ್ನು ಆ ಹರಿವಿನ ಹಿಂದೆಯೇ ಒಯ್ದಳು.

ಕಾರಿನ ಕೂಗಿನ ಸಂಗತಿ ಅವನೇ ಹೇಳಿದ್ದನೋ ಇಲ್ಲವೋ, ನನಗೆ ಇನ್ನೂ ಗೊಂದಲವೇ. ಆದರೆ ಬಾಟಲಿ ಬಗ್ಗಿಸಿದಾಗಲೆಲ್ಲ ನೀರು ಯಾವ ಕಡೆ ಹೋಗುತ್ತದೆಂದು ನೋಡುತ್ತ ನಿಲ್ಲುತ್ತೇನೆ. ಕಾರ್ಲಾಳ ಆ ಕಾಲ್ ಮುಗಿದ ಮೇಲೆ ನಕ್ಷೆ ತೆರೆದು ಎತ್ತರಗಳನ್ನೂ ಪರೀಕ್ಷಿಸಿದೆ. ತೊಟ್ಟಿಯಿಂದ ಗೆಲುವಿನ ಗೆರೆಯವರೆಗೆ ಎಲ್ಲೂ ಏರಿಲ್ಲ; ಸೋತ ಕಾಲು ಪೆಡಲ್ ತುಳಿಯದಿದ್ದರೂ ಸೈಕಲ್ ತಾನೇ ಉರುಳಿಕೊಂಡು ತಲುಪುವಷ್ಟು ಇಳಿಜಾರು.